ಜೂನ್ ತಿಂಗಳಿಂದ ಮನೆಶಾಲೆ: ಓದನ್ನು ನಡುಮನೆಗೆ ತಂದು ವರ್ಷ ಆರಂಭಿಸುವ ಬಗೆ

ಜೂನ್ ಒಂದರ ಬೆಳಿಗ್ಗೆ ಮೈಸೂರಿನ ನಮ್ಮ ಬೀದಿಯಲ್ಲಿ ಶಾಲಾ ವಾಹನಗಳ ಹಾರ್ನ್ ಕೇಳತೊಡಗುವಾಗ ನನ್ನ ಮಕ್ಕಳಿಬ್ಬರೂ ಹೊದಿಕೆಯೊಳಗೇ ಇರುತ್ತಾರೆ. ಮನೆಶಾಲೆ ಹಿಡಿದ ಮೇಲೆ ಇದು ನಮಗೆ ನಾಲ್ಕನೆಯ ಜೂನ್. ಮಗಳು ಒಂದನೆಯ ತರಗತಿ ಮುಗಿಸಿ ಶಾಲೆ ಬಿಟ್ಟಳು, ಈಗ ಅವಳಿಗೆ ಹತ್ತು. ಮಗ ಶಾಲೆಯ ಮೆಟ್ಟಿಲು ಹತ್ತಿಯೇ ಇಲ್ಲ, ಅವನಿಗೆ ಆರು. ಮನೆಯಲ್ಲಿ ನನ್ನ ಅತ್ತೆಯವರಿದ್ದಾರೆ. ನಾನು ಬೆಳಿಗ್ಗೆ ಅರ್ಧ ದಿನ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ, ಮನೆಯವರು ಸಂಜೆ ಆರೂವರೆಗೆ ಬರುತ್ತಾರೆ. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮನೆಶಾಲೆಯ ಬಗ್ಗೆ ಯಾರ ಸಲಹೆ ಕೇಳಿದರೂ ಅವರ ಮನೆಯಲ್ಲಿ ಯಾರು ಯಾರಿದ್ದಾರೆ, ಯಾರಿಗೆ ಯಾವಾಗ ಬಿಡುವು ಎಂಬುದನ್ನು ತಿಳಿದೇ ಅದನ್ನು ತೂಗಿ ನೋಡಬೇಕು.

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂಬತ್ತರಿಂದ ಮೂರೂವರೆಯವರೆಗೆ ಪೀರಿಯಡ್ಡುಗಳು, ಗೋಡೆಗೆ ಬಣ್ಣದ ವೇಳಾಪಟ್ಟಿ, ವಿಷಯಕ್ಕೊಂದು ನೋಟ್‌ಬುಕ್. ಮೂರನೆಯ ವಾರ ಮಗಳು ಅಟ್ಟ ಹತ್ತಿ ಕುಳಿತಳು, ಕರೆದರೂ ಇಳಿಯಲಿಲ್ಲ. ಬಿಟ್ಟು ಬಂದ ಶಾಲೆಯನ್ನೇ ನಾನು ಮನೆಯೊಳಗೆ ಕಟ್ಟಿದ್ದೆ, ಅದರಲ್ಲಿ ಗೆಳತಿಯರು ಮಾತ್ರ ಇರಲಿಲ್ಲ. ಆ ಪಟ್ಟಿಯನ್ನು ತೆಗೆದ ಮೇಲೆ ಉಳಿದುಕೊಂಡದ್ದು ರಾತ್ರಿ ಊಟಕ್ಕೆ ಮುಂಚೆ ಕಥೆ ಓದಿ ಹೇಳುವ ರೂಢಿಯೊಂದೇ. ಅದನ್ನೇ ಹಿಡಿದುಕೊಂಡು ಉಳಿದದ್ದನ್ನೆಲ್ಲ ಸುತ್ತಲೂ ಕಟ್ಟಿದೆವು. ವರ್ಷದ ಮೊದಲ ಹದಿನೈದು ದಿನ ಗಟ್ಟಿಯಾಗಿ ಓದಿ ಹೇಳುವುದನ್ನು ಮಾತ್ರ ನೆಲೆ ನಿಲ್ಲಿಸಬೇಕು, ಬೇರೆ ಯಾವ ಪಾಠವನ್ನೂ ಆಮೇಲೆ ತರಬೇಕು ಎಂಬುದು ಅಲ್ಲಿಂದ ಇಲ್ಲಿಯವರೆಗೆ ನಾನು ಬದಲಿಸದ ನಿಯಮ. ನಿಮ್ಮ ಮಕ್ಕಳು ಶಾಲೆಗೆ ಹೋಗುತ್ತಿದ್ದರೂ ಮುಂದಿನ ಬಹುಪಾಲು ಮಾತು ನಿಮಗೂ ಹೊಂದುತ್ತದೆ.

ಮೊದಲು ಕಾಗದಪತ್ರ

ಕಾನೂನಿನ ಪ್ರಶ್ನೆಯನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ, ಇಲ್ಲವಾದರೆ ಅದು ವರ್ಷವಿಡೀ ಮನಸ್ಸನ್ನು ಕೊರೆಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವ ಹೊಣೆಯನ್ನು ಅದು ಸರ್ಕಾರದ ಮೇಲೆ ಹೊರಿಸುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೆಯ ಸೆಕ್ಷನ್ ಹೇಳುತ್ತದೆ, ಆದರೆ ಸೇರಿಸದವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಬರೆದಿಲ್ಲ. ಮನೆಶಾಲೆ ಎಂಬ ಪದವೇ ಅದರಲ್ಲಿಲ್ಲ. ಅದಕ್ಕೆ ಅನುಮತಿ ಪತ್ರ ಕೊಡುವ ವ್ಯವಸ್ಥೆಯಿಲ್ಲ, ಹೆಸರು ಹಿಡಿದು ನಿಷೇಧಿಸಿದ ಮಾತೂ ಇಲ್ಲ. ಈ ಅಸ್ಪಷ್ಟತೆಯನ್ನು ತಿಳಿದೇ ಹೆಜ್ಜೆ ಇಡಬೇಕು.

ಮಗು ಈಗಾಗಲೇ ಶಾಲೆಯಲ್ಲಿದ್ದರೆ ವರ್ಗಾವಣೆ ಪತ್ರವನ್ನು ಕೇಳಿ ಪಡೆದುಕೊಳ್ಳಿ. ಸುಮ್ಮನೆ ಕಳಿಸುವುದನ್ನು ನಿಲ್ಲಿಸಬೇಡಿ. ದಾಖಲೆಯಲ್ಲಿ ಮಗು ‘ಶಾಲೆ ಬಿಟ್ಟ ಮಗು’ ಆಗಿಬಿಡುತ್ತದೆ. ಹಾಗಾದಾಗ ವಿಚಾರಿಸಲು ಸರ್ಕಾರದ ಕಡೆಯವರು ಯಾರಾದರೂ ಬಂದರೆ ತಪ್ಪು ಅವರದಲ್ಲ. ಬಾಲಕಾರ್ಮಿಕರನ್ನೂ ಬಾಲ್ಯವಿವಾಹಕ್ಕೆ ಸಿಕ್ಕ ಹೆಣ್ಣುಮಕ್ಕಳನ್ನೂ ಹುಡುಕಿ ತರುವ ಜನ ಅವರೇ. ಬಂದವರನ್ನು ಒಳಗೆ ಕೂರಿಸಿ, ಮಗು ಓದುವುದನ್ನು, ಬರೆದದ್ದನ್ನು ತೋರಿಸಿ. ಕರ್ನಾಟಕದ ಶಾಲೆಯಲ್ಲಿ ಓದಿದ ಮಗುವಿಗೆ ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಶಾಲೆಗೆ ಮರಳುವುದಾದರೆ ಕೇಳುತ್ತಾರೆ. ಮರಳುವ ದಾರಿ ತೆರೆದೇ ಇದೆ: ಅದೇ ಕಾಯ್ದೆಯ 4ನೆಯ ಸೆಕ್ಷನ್ ಪ್ರಕಾರ ಶಾಲೆಯ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು.

ಮೇ ತಿಂಗಳಲ್ಲಿ ಮನೆಯನ್ನು ಗಮನಿಸಿ

ವೇಳಾಪಟ್ಟಿ ಬರೆಯಲು ಕೈ ತುರಿಸುವ ಹೊತ್ತಿನಲ್ಲಿ ಒಂದು ವಾರ ಬರಿದೇ ನೋಡಿ. ನಾನು ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ವಿಷಯ ಬರೆದುಕೊಂಡಿದ್ದೆ. ಮಕ್ಕಳು ತಾವಾಗಿ ಸುಮ್ಮನಾಗುವ ಹೊತ್ತು ಯಾವುದು, ನನಗೆ ಸಿಟ್ಟು ಬರುವ ಹೊತ್ತು ಯಾವುದು, ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಸೇರುವ ಹೊತ್ತು ಯಾವುದು. ನಮ್ಮ ಮನೆಯಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೊಂದು ಮಕ್ಕಳ ತಲೆ ಚುರುಕಾಗಿರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಕುಕ್ಕರ್ ಕೂಗುವಾಗ ನನ್ನಿಂದ ಯಾವ ಪಾಠವೂ ಆಗದು. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಎಲ್ಲರೂ ನಡುಮನೆಯಲ್ಲಿರುತ್ತಾರೆ. ಇಡೀ ವರ್ಷದ ಕಟ್ಟಡ ಈ ಮೂರು ಸಾಲಿನ ಮೇಲೆ ನಿಂತಿದೆ.

ಶಾಲೆಯಿಂದ ಹೊರಬಂದ ಮಗುವಿಗೆ ಒಂದಷ್ಟು ದಿನ ಏನೂ ಮಾಡದೆ ಇರುವ ಅವಕಾಶ ಬೇಕು. ನನ್ನ ಮಗಳು ಮೊದಲ ತಿಂಗಳು ಯಾವ ಪುಸ್ತಕ ಕಂಡರೂ ‘ಇದರಲ್ಲಿ ಪ್ರಶ್ನೆ ಕೇಳುತ್ತೀಯಾ?’ ಎಂದು ಮೊದಲು ಕೇಳುತ್ತಿದ್ದಳು. ಆ ಪ್ರಶ್ನೆ ಅವಳ ಬಾಯಿಂದ ಹೋಗುವವರೆಗೆ ಅವಳ ಕೈಗೆ ಪೆನ್ಸಿಲ್ ಕೊಡಬಾರದಿತ್ತು. ನಾನು ಕೊಟ್ಟೆ, ಅದರಿಂದ ಎರಡು ತಿಂಗಳು ಹಿಂದೆ ಬಿದ್ದೆವು.

ಯೋಜನೆಯನ್ನು ದಸರೆಯವರೆಗೆ ಮಾತ್ರ ಹಾಕಿ. ಜೂನ್ ಒಂದರಿಂದ ದಸರೆಗೆ ಸುಮಾರು 18 ವಾರ. ನಾಗರಪಂಚಮಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ನಡುವೆ ಒಂದೆರಡು ಜ್ವರ, ಊರಿನ ಒಂದು ಮದುವೆ ಎಂದು ಕಳೆದರೆ ನಿಜವಾಗಿ ಕೈಗೆ ಸಿಗುವುದು 14 ವಾರ. ಹತ್ತು ತಿಂಗಳ ಪಟ್ಟಿ ಬರೆದವರು ಆಗಸ್ಟ್ ಹೊತ್ತಿಗೆ ‘ಹಿಂದೆ ಬಿದ್ದೆವು’ ಎಂದು ಕೊರಗುತ್ತಾರೆ. ಹದಿನಾಲ್ಕು ವಾರದ ಯೋಜನೆ ಹಾಕಿದವರಿಗೆ ಆ ಕೊರಗು ಇರುವುದಿಲ್ಲ.

ಪುಸ್ತಕ ಎಲ್ಲಿಂದ

ಬಹಳ ದುಡ್ಡು ಬೇಕಿಲ್ಲ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ. ಒಂದರಿಂದ ನಾಲ್ಕರವರೆಗೆ ಓದಿನ ಹಂತ ಗುರುತಿಸಿದ್ದಾರೆ, ಮುದ್ರಿಸಿಕೊಳ್ಳಲು ಅನುಮತಿಯೂ ಇದೆ. ಒಂದನೆಯ ಹಂತದ ಹತ್ತು ಕಥೆಗಳನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ, ನಡುವೆ ದಾರ ಹೊಲಿದು ಮಗನಿಗೆ ಕೊಟ್ಟೆ. ಬಣ್ಣವನ್ನು ಅವನೇ ತುಂಬಿದ. ರಾಜ್ಯದ ಪಠ್ಯಪುಸ್ತಕಗಳೆಲ್ಲ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಸಿಗುತ್ತವೆ. ಅವುಗಳನ್ನು ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡರೂ ಆಗುತ್ತದೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಕನ್ನಡದಲ್ಲಿವೆ, ಬೆಲೆ ಕಡಿಮೆ.

ಊರಿನ ಗ್ರಂಥಾಲಯಕ್ಕೆ ವಾರಕ್ಕೊಂದು ದಿನ ಇಟ್ಟುಕೊಳ್ಳಿ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಕಡೆಗಣಿಸಬೇಡಿ. ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಆರಂಭಿಸಿದರು. ಈಗ ಅವುಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಮಗುವಿನ ಹೆಸರಿನಲ್ಲೇ ಸದಸ್ಯತ್ವ ಮಾಡಿಸಿ, ಕಾರ್ಡನ್ನು ಅದರ ಕೈಗೇ ಕೊಡಿ. ತನ್ನ ಹೆಸರಿರುವ ಕಾರ್ಡು ಕೈಯಲ್ಲಿದ್ದಾಗ ಪುಸ್ತಕ ಆರಿಸುವ ರೀತಿಯೇ ಬೇರೆಯಾಗುತ್ತದೆ.

ಗಾಜಿನ ಕಪಾಟು ಬೇಡ. ನೆಲದಲ್ಲಿ ಕುಳಿತರೆ ಕೈಗೆಟುಕುವ ಎತ್ತರದಲ್ಲಿ ಒಂದು ಹಲಗೆ ಸಾಕು. ಪುಸ್ತಕಗಳ ಬೆನ್ನು ಕಾಣುವಂತೆ ಜೋಡಿಸಬೇಡಿ, ಮುಖ ಕಾಣುವಂತೆ ಒರಗಿಸಿಡಿ. ಒಂದು ಸಲಕ್ಕೆ ಹನ್ನೆರಡಕ್ಕಿಂತ ಹೆಚ್ಚು ಹೊರಗಿಡುವುದಿಲ್ಲ ನಾನು. ಹದಿನೈದು ದಿನಕ್ಕೊಮ್ಮೆ ಅರ್ಧವನ್ನು ಒಳಗಿಟ್ಟು ಬೇರೆಯವನ್ನು ತರುತ್ತೇನೆ. ಒಳಗೆ ಹೋಗಿದ್ದ ಪುಸ್ತಕ ಎರಡು ತಿಂಗಳ ಮೇಲೆ ಹೊರಬಂದಾಗ ಹಳೆಯ ನೆಂಟರನ್ನು ಕಂಡಂತೆ ಹಿಡಿದುಕೊಳ್ಳುತ್ತಾರೆ.

ಓದಿ ಹೇಳುವ ಹೊತ್ತು

ಕನ್ನಡದ ಮಕ್ಕಳಿಗೆ ಓದಿ ಹೇಳುವುದು ಏಕೆ ಇಷ್ಟು ಮುಖ್ಯ ಎಂಬುದು ನನಗೆ ಹೊಳೆದದ್ದು ಎರಡನೆಯ ವರ್ಷ. ಮನೆಯಲ್ಲಿ ನಾವು ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಆಡುವಾಗ ಸ್ವರಗಳನ್ನು ನುಂಗಿ, ಪ್ರತ್ಯಯಗಳ ಬಾಲ ಕತ್ತರಿಸಿ ಮಾತು ಮುಗಿಸುತ್ತೇವೆ. ಪುಸ್ತಕದಲ್ಲಿ ಅದೇ ಮಾತು ‘ಹೋಗುತ್ತಿದ್ದೇನೆ’ ಎಂದು, ‘ಅವನನ್ನು’ ಎಂದು ಮೈತುಂಬಿ ನಿಂತಿರುತ್ತದೆ. ಕಿವಿಗೆ ಆ ರೂಪ ಪರಿಚಯವಿಲ್ಲದ ಮಗು ಅಕ್ಷರ ಕೂಡಿಸಿ ‘ಹೋ-ಗು-ತ್ತಿ-ದ್ದೇ-ನೆ’ ಎಂದು ಓದಿ ಮುಗಿಸಿದರೂ ತಾನು ಓದಿದ್ದು ತನಗೆ ಗೊತ್ತಿರುವ ಮಾತೇ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಉತ್ತರ ಕರ್ನಾಟಕದ, ಕರಾವಳಿಯ ಮನೆಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ತುಳು, ಕೊಂಕಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳಿಗಂತೂ ಪುಸ್ತಕದ ಕನ್ನಡ ಹೊಸ ಭಾಷೆಯೇ. ಕಣ್ಣಿಗೆ ಕಲಿಸುವ ಮೊದಲು ಕಿವಿಗೆ ಕಲಿಸಬೇಕು. ಅದಕ್ಕೆ ದಿನವೂ ಕೇಳುವುದನ್ನು ಬಿಟ್ಟರೆ ಬೇರೆ ಉಪಾಯವಿಲ್ಲ.

ಹೊತ್ತನ್ನು ಗಡಿಯಾರಕ್ಕೆ ಕಟ್ಟಬೇಡಿ, ಮನೆಯಲ್ಲಿ ಹೇಗೂ ನಡೆಯುವ ಒಂದು ಕೆಲಸಕ್ಕೆ ಕಟ್ಟಿ. ನಮ್ಮಲ್ಲಿ ಸಂಜೆಯ ದೀಪವೇ ಗುರುತು. ದೀಪ ಹಚ್ಚಿ, ಕೈಮುಗಿದು, ಅಲ್ಲೇ ಚಾಪೆ ಹಾಸುತ್ತೇವೆ. ದೇವರ ದೀಪವಿಲ್ಲದ ಮನೆಯವರಿಗೆ ಸಂಜೆಯ ಚಹಾ ಆದೀತು, ರಾತ್ರಿಯ ಹಾಸಿಗೆ ಆದೀತು. ಜೂನ್ ಮೊದಲ ವಾರ ಹತ್ತೇ ನಿಮಿಷ ಓದಿ, ಎರಡನೆಯ ವಾರ ಹದಿನೈದು. ಮಕ್ಕಳು ‘ಇನ್ನೊಂದು ಪುಟ’ ಎಂದಾಗ ನಿಲ್ಲಿಸಿ, ಬೇಸರ ಬರುವವರೆಗೆ ಎಳೆಯಬೇಡಿ. ಮೂರನೆಯ ವಾರದಿಂದ ಅರ್ಧ ಗಂಟೆ ತಾನಾಗಿ ಆಗುತ್ತದೆ.

ಆರಿಸುವ ಪುಸ್ತಕ ಮಗು ಸ್ವತಃ ಓದಬಲ್ಲ ಮಟ್ಟಕ್ಕಿಂತ ಎರಡು ವರ್ಷ ಮೇಲಿರಲಿ. ಕಷ್ಟದ ಪದ ಬಂದಾಗ ನಿಲ್ಲಿಸಿ ಅರ್ಥ ಹೇಳುವ ಅಭ್ಯಾಸ ಬೇಡ. ಮೂರು ಸಲ ಬೇರೆ ಬೇರೆ ಕಡೆ ಕೇಳಿದ ಮೇಲೆ ಮಕ್ಕಳು ತಾವೇ ಅರ್ಥ ಕಟ್ಟಿಕೊಳ್ಳುತ್ತಾರೆ. ಕೇಳಿದರೆ ಹೇಳಿ, ಅಷ್ಟೇ. ಕಥೆ ಮುಗಿದ ಮೇಲೆ ‘ಇದರಿಂದ ನಾವು ಕಲಿತ ನೀತಿ ಏನು?’ ಎಂದು ದಯವಿಟ್ಟು ಕೇಳಬೇಡಿ. ನನ್ನ ಅನುಭವದಲ್ಲಿ ಮಕ್ಕಳನ್ನು ಓದಿನಿಂದ ದೂರ ಓಡಿಸಿದ ಮಾತು ಇದಕ್ಕಿಂತ ಬೇರೊಂದಿಲ್ಲ.

ಕೈಗೆ ಏನಾದರೂ ಕೆಲಸವಿದ್ದರೆ ಕಿವಿ ಚೆನ್ನಾಗಿ ಕೇಳುತ್ತದೆ. ಜೂನ್‌ನಲ್ಲಿ ನಮ್ಮ ಮನೆಯಲ್ಲಿ ಹಲಸಿನ ಬೀಜ ಬಿಡಿಸುವ ಕೆಲಸ ಇದ್ದೇ ಇರುತ್ತದೆ. ಹೋದ ವರ್ಷ ಒಂದು ಸಂಜೆ ಜೋರು ಮಳೆಗೆ ಕರೆಂಟ್ ಹೋಗಿ ಮೇಣದಬತ್ತಿಯ ಬೆಳಕಿನಲ್ಲಿ ಓದುತ್ತಿದ್ದೆ. ಮಗ ಮೊರದ ಮುಂದೆ ಕುಳಿತು ಬೀಜದ ಬಿಳಿಸಿಪ್ಪೆ ಸುಲಿಯುತ್ತಿದ್ದ. ಕಥೆಯ ಹುಡುಗ ಬಾವಿಯ ಅಂಚಿಗೆ ಬಂದಾಗ ಅವನ ಕೈ ನಿಂತಿತು. ಬೀಜ ಬೆರಳ ನಡುವೆಯೇ ಉಳಿಯಿತು. ಮುಂದಿನ ಪುಟಕ್ಕೆ ಹುಡುಗ ದಡ ಸೇರಿದ. ಆಗ ಮಗ ಉಸಿರು ಬಿಟ್ಟು, ಬೀಜವನ್ನು ಪಾತ್ರೆಗೆ ಹಾಕಿ, ಮತ್ತೊಂದನ್ನು ಎತ್ತಿಕೊಂಡ. ಅವನಿಗೆ ಅಂದು ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ಓದುವವರು ತಾಯಿಯೇ ಆಗಿರಬೇಕಿಲ್ಲ. ವಾರಕ್ಕೆ ಎರಡು ದಿನ ನಮ್ಮ ಮನೆಯವರು ಓದುತ್ತಾರೆ. ಅವರದು ನಿಧಾನದ ಓದು, ತಡವರಿಸುತ್ತಾರೆ. ಅಪ್ಪನೂ ತಡವರಿಸಿ ಮತ್ತೆ ಹಿಂದಿನಿಂದ ಓದುವುದನ್ನು ಕಂಡ ಮೇಲೆ ಮಗಳಿಗೆ ತನ್ನ ತಡವರಿಕೆಯ ಬಗ್ಗೆ ಇದ್ದ ನಾಚಿಕೆ ಹೋಯಿತು.

ಅಕ್ಷರದಿಂದ ವಾಕ್ಯಕ್ಕೆ

ಹದಿನೈದು ದಿನ ಕಳೆದ ಮೇಲೆ, ಓದಲು ಬಾರದ ಮಗುವಿಗೆ ಅಕ್ಷರ ಆರಂಭಿಸಿ. ದಿನಕ್ಕೆ ಇಪ್ಪತ್ತು ನಿಮಿಷ, ತಲೆ ಚುರುಕಾಗಿರುವ ಹೊತ್ತಿನಲ್ಲಿ. ನಾವೆಲ್ಲ ಕಲಿತದ್ದು ಅ ಆ ಇ ಈ ಎಂದು ಸಾಲಾಗಿ. ಹಾಗೆ ಹೋದರೆ ಮಗು ನಲವತ್ತೊಂಬತ್ತು ಅಕ್ಷರ ತಿದ್ದಿ ಮುಗಿಸುವವರೆಗೆ ಒಂದು ಕಥೆಯ ಸಾಲನ್ನೂ ಓದುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಇದಕ್ಕಿಂತ ಜಾಣತನದ ದಾರಿ ಕಂಡುಕೊಂಡಿದೆ. ಆಂಧ್ರಪ್ರದೇಶದ ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ನಮ್ಮ ಜಿಲ್ಲೆಯದೇ ಆದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ಪದ್ಧತಿ ಅದು. ಅದರಲ್ಲಿ ಮೊದಲು ಬರುವುದು ರ, ಗ, ಸ, ದ, ಅ ಎಂಬ ಐದು ಅಕ್ಷರ. ಬರೆಯಲು ಸುಲಭ, ಮೇಲಾಗಿ ಅಷ್ಟರಲ್ಲೇ ಪದ ಹುಟ್ಟುತ್ತವೆ: ಸರ, ರಸ, ದರ, ಅರಸ, ಅಗಸ, ಗರಗಸ.

ಮಗ ಓದಿದ ಮೊದಲ ಪದ ಗರಗಸ. ಪಕ್ಕದ ಬೀದಿಯ ಬಡಗಿಯ ಅಂಗಡಿಯಲ್ಲಿ ಅದನ್ನು ನೋಡಿದ್ದ. ಕಾರ್ಡಿನಲ್ಲಿ ಓದಿದ ದಿನವೇ ‘ಬಡಗಿ ಮಾವನಿಗೆ ತೋರಿಸಬೇಕು’ ಎಂದು ಕಾರ್ಡು ಹಿಡಿದು ಓಡಿದ.

ಎರಡನೆಯ ಗುಂಪು ಜ, ವ, ಮ, ಬ, ನ. ಹತ್ತು ಅಕ್ಷರ ಬಂದ ಮೇಲೆ ಪೂರ್ತಿ ವಾಕ್ಯವೇ ಸಾಧ್ಯ: ‘ಅರಸನ ಮಗ ಬಸವ.’ ‘ನಗರದ ಜನ’, ‘ಬಸವನ ಮರ’ ಎಂದು ನೀವೇ ಕಟ್ಟುತ್ತ ಹೋಗಿ. ಇಲ್ಲಿ ಒಂದು ಎಚ್ಚರ ಬೇಕು. ವ ಮತ್ತು ಮ ಅಣ್ಣತಮ್ಮಂದಿರಂತೆ ಕಾಣುತ್ತವೆ. ನನ್ನ ಮಗ ಎರಡು ವಾರ ‘ಮನ’ವನ್ನು ‘ವನ’ ಎಂದೇ ಓದಿದ. ಮೊರದಲ್ಲಿ ರಾಗಿ ಹರಡಿ, ಅವನ ಬೆರಳು ಹಿಡಿದು ವ ಬರೆಸಿ, ಬಲಪಕ್ಕಕ್ಕೆ ಕೊಕ್ಕೆ ಎಳೆಸಿದೆ. ‘ಕೊಕ್ಕೆ ಇದ್ದರೆ ಮ’ ಎಂದು ಅವನೇ ಹೇಳಿಕೊಂಡ. ಮುಂದೆ ಕೊಂಬು ಕಲಿಯುವಾಗ ‘ವು’ ಬಂದು ಮತ್ತೆ ಗೊಂದಲವಾಗುತ್ತದೆ. ಅದರಲ್ಲಿ ಕೊಕ್ಕೆ ಕೆಳಗಿನಿಂದ ಏಳುತ್ತದೆ ಎಂದು ದೊಡ್ಡದಾಗಿ ಬರೆದು ತೋರಿಸಿ. ಪ ಮತ್ತು ಷ, ಬ ಮತ್ತು ಭ, ದ ಮತ್ತು ಧ ಜೋಡಿಗಳನ್ನು ಒಂದೇ ವಾರದಲ್ಲಿ ಕಲಿಸಬೇಡಿ. ಙ, ಞ, ಝ ಮುಂತಾದವಕ್ಕೆ ಮೊದಲ ವರ್ಷ ಅವಸರವೇ ಇಲ್ಲ.

ಕಾರ್ಡುಗಳಿಗೆ ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳಿಗಿಂತ ಒಳ್ಳೆಯ ಕಾಗದ ಸಿಗದು. ಗಟ್ಟಿಯಾಗಿರುತ್ತವೆ, ಹಿಂಬದಿ ಖಾಲಿ ಇರುತ್ತದೆ. ಒಂದನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಪದ.

ಕಾಗುಣಿತಕ್ಕೆ ನಮ್ಮ ಮನೆಯ ಗುರು ಅತ್ತೆಯವರು. ತಲೆಕಟ್ಟು, ಇಳಿ, ಗುಡಿಸು, ಗುಡಿಸಿನ ದೀರ್ಘ, ಕೊಂಬು, ಕೊಂಬಿನ ಇಳಿ, ವಟ್ರಸುಳಿ, ಏತ್ವ, ಐತ್ವ, ಓತ್ವ ಎಂಬ ಹೆಸರುಗಳನ್ನು ಅವರು ರಾಗವಾಗಿ ಹೇಳುತ್ತಾರೆ. ಇವುಗಳನ್ನು ಹಳೆಯದೆಂದು ಬಿಡಬೇಡಿ. ಚಿಹ್ನೆಗೆ ಹೆಸರಿದ್ದರೆ ತಪ್ಪಾದಾಗ ‘ಗುಡಿಸು ಹಾಕಿದ್ದೀಯ, ದೀರ್ಘ ಬಿಟ್ಟಿದ್ದೀಯ’ ಎಂದು ಒಂದೇ ಮಾತಿನಲ್ಲಿ ತೋರಿಸಬಹುದು. ಆದರೆ ಕ ಕಾ ಕಿ ಕೀ ಎಂದು ಎಲ್ಲ ಮೂವತ್ತನಾಲ್ಕು ವ್ಯಂಜನಗಳಿಗೂ ಸಾಲುಸಾಲು ಬರೆಸುವುದು ಬೇಡ. ಒಂದು ವಾರ ಒಂದು ಚಿಹ್ನೆ. ಇಳಿಯ ವಾರದಲ್ಲಿ ದಾರ, ಸಾಗರ, ರಾಜ, ಮಾವ. ಗುಡಿಸಿನ ವಾರದಲ್ಲಿ ಗಿರಿ, ನರಿ, ಮರಿ. ಹ್ರಸ್ವ-ದೀರ್ಘಗಳನ್ನು ಕಿವಿಯಿಂದ ಬೇರ್ಪಡಿಸಲು ಜೋಡಿಪದಗಳು ಬೇಕು: ಮರ ಮತ್ತು ಮಾರ, ಬಿಡು ಮತ್ತು ಬೀಡು, ಕೊಡು ಮತ್ತು ಕೋಡು.

ಒತ್ತಕ್ಷರಕ್ಕೆ ಮನೆಯ ಜನರೇ ಪಾಠ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಎಲ್ಲವೂ ಒಂದೇ ಅಕ್ಷರ ತನಗೆ ತಾನೇ ಒತ್ತು ಕೊಟ್ಟ ಸಜಾತೀಯ ಒತ್ತಕ್ಷರಗಳು, ಎಲ್ಲವೂ ಮಗುವಿನ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಪದಗಳು. ಬಹುಪಾಲು ಒತ್ತುಗಳು ಮೂಲ ಅಕ್ಷರದ ಚಿಕ್ಕ ರೂಪದಂತೆಯೇ ಕಾಣುತ್ತವೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಮೂಲದಂತೆ ಕಾಣುವುದಿಲ್ಲ, ಇವುಗಳಿಗೆ ಬೇರೆ ಕಾರ್ಡು ಮಾಡಿ ಗೋಡೆಗೆ ಅಂಟಿಸಿ. ಆಮೇಲೆ ರಸ್ತೆ, ಪುಸ್ತಕ, ಹಬ್ಬ, ಚಕ್ರ. ಕೊನೆಗೆ ಅರ್ಕಾವತ್ತು. ಅದು ಬರೆಯುವುದು ಆಮೇಲೆ, ಓದುವುದು ಮೊದಲು, ಆದ್ದರಿಂದ ಮಕ್ಕಳು ‘ಕರ್ನಾಟಕ’ವನ್ನು ‘ಕನಾರ್ಟಕ’ ಎಂದು ಓದುತ್ತಾರೆ. ಬೈಯಬೇಡಿ, ಅಂಗಡಿಯ ಬೋರ್ಡುಗಳಲ್ಲೇ ಆ ತಪ್ಪು ಕಾಣುತ್ತದೆ. ‘ಸೂರ್ಯ’, ‘ಕಾರ್ಯ’, ‘ವರ್ಷ’ ಎಂದು ದಿನಕ್ಕೆ ಮೂರು ಪದ ಓದಿಸಿ.

ಈ ಹಂತಕ್ಕೆ ನಮ್ಮ ಮನೆಯ ಉಪಕರಣ ದಿನಪತ್ರಿಕೆ. ಶೀರ್ಷಿಕೆಗಳ ದಪ್ಪ ಅಕ್ಷರದಲ್ಲಿ ಒತ್ತಕ್ಷರ ಕಂಡಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಬೇಕು. ಮಗಳು ಕಲಿತದ್ದೂ ಹಾಗೆಯೇ. ಅತ್ತೆಯವರ ಕಣ್ಣಿಗೆ ಪೊರೆ ಬಂದು ಪತ್ರಿಕೆ ಓದಲಾಗದೆ ಹೋದಾಗ ಅವಳಿಗೆ ನಿಜವಾದ ಕೇಳುಗರು ಸಿಕ್ಕರು. ಶ್ರದ್ಧಾಂಜಲಿಯ ಪುಟದಿಂದ ಆರಂಭಿಸು ಎನ್ನುತ್ತಿದ್ದರು ಅಜ್ಜಿ. ಅವಳು ತಪ್ಪು ಓದಿದರೆ ತಿದ್ದುತ್ತಿರಲಿಲ್ಲ, ‘ಅರ್ಥವಾಗಲಿಲ್ಲ ಪುಟ್ಟಿ, ಇನ್ನೊಮ್ಮೆ ಓದು’ ಎನ್ನುತ್ತಿದ್ದರು. ಶಸ್ತ್ರಚಿಕಿತ್ಸೆಯಾಗಿ ಕಣ್ಣು ಸರಿಯಾದ ಮೇಲೂ ಅವರು ಕನ್ನಡಕ ಹಾಕಿಕೊಳ್ಳದೆ ಅವಳನ್ನೇ ಕರೆಯುತ್ತಾರೆ.

ಹೊರರಾಜ್ಯದಲ್ಲಿ, ಹೊರದೇಶದಲ್ಲಿ ಇರುವ ಕನ್ನಡದ ಮನೆಗಳಲ್ಲಿ ಮಕ್ಕಳು ಮಾತಾಡುತ್ತಾರೆ, ಓದುವುದಿಲ್ಲ. ಅವರಿಗೂ ಈ ಹತ್ತು ಅಕ್ಷರದ ದಾರಿಯೇ ಸರಿ. ವಾರಕ್ಕೆ ಎರಡು ದಿನ ಅರ್ಧ ಗಂಟೆ ಕೊಟ್ಟರೆ ಒಂದು ವರ್ಷದಲ್ಲಿ ಅಜ್ಜಿಯ ಸಂದೇಶವನ್ನು ಓದುವ ಮಟ್ಟಕ್ಕೆ ಬರಬಹುದು.

ಇಂಗ್ಲಿಷ್, ಲೆಕ್ಕ, ಉಳಿದವು

ಇಂಗ್ಲಿಷ್ ಕಥೆಗಳನ್ನು ಮೊದಲ ದಿನದಿಂದಲೇ ಓದಿ ಹೇಳುತ್ತೇನೆ, ಅಕ್ಷರವನ್ನು ಮಾತ್ರ ಕನ್ನಡದ ಓದು ಸಲೀಸಾದ ಮೇಲೆ ಕಲಿಸುತ್ತೇನೆ. ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ, ಆದ್ದರಿಂದ ‘ಓದುವುದೆಂದರೆ ಏನು’ ಎಂಬುದು ಮಗುವಿಗೆ ಇದರಲ್ಲಿ ಬೇಗ ಹತ್ತುತ್ತದೆ. ಮಗಳು ಎಂಟನೆಯ ವಯಸ್ಸಿನಲ್ಲಿ ಇಂಗ್ಲಿಷ್ ಓದಲು ಆರಂಭಿಸಿ ಆರು ತಿಂಗಳಲ್ಲಿ ಚಿಕ್ಕ ಪುಸ್ತಕ ಹಿಡಿದಳು.

ಲೆಕ್ಕಕ್ಕೆ ಪಠ್ಯಪುಸ್ತಕ ಬಳಸುತ್ತೇವೆ, ದಿನಕ್ಕೆ ಅರ್ಧ ಗಂಟೆ. ಮಗ್ಗಿಯನ್ನು ಅಜ್ಜಿ ಬಾಯಿಪಾಠ ಮಾಡಿಸುತ್ತಾರೆ. ದಿನಸಿ ಪಟ್ಟಿ ಬರೆದು, ಅಂಗಡಿಯಲ್ಲಿ ದುಡ್ಡು ಕೊಟ್ಟು, ಚಿಲ್ಲರೆ ಎಣಿಸಿ ತರುವುದು ಮಗಳ ಹೊಣೆ. ಪಾವು, ಸೇರು ಅಳತೆಯಿಂದ ಗ್ರಾಂ, ಲೀಟರಿಗೆ ಬರುವಾಗ ಭಿನ್ನರಾಶಿಯ ಅರ್ಧ ಪಾಠ ಮುಗಿದಿರುತ್ತದೆ. ವಿಜ್ಞಾನ, ಸಮಾಜ ಎರಡೂ ಹತ್ತು ವರ್ಷದವರೆಗೆ ಓದಿ ಹೇಳುವ ಪುಸ್ತಕಗಳಲ್ಲೇ ಬರಲಿ ಎಂಬುದು ನನ್ನ ಅಭಿಪ್ರಾಯ.

ಇವುಗಳನ್ನು ಒಟ್ಟಿಗೆ ತರಬೇಡಿ. ಜೂನ್ ಮೂರನೆಯ ವಾರ ಅಕ್ಷರ ಅಥವಾ ಸ್ವಂತ ಓದು, ಜುಲೈ ಮೊದಲ ವಾರ ಲೆಕ್ಕ, ಕನ್ನಡದ ಓದು ಸಲೀಸಾದ ಮಗುವಿಗೆ ಜುಲೈ ಮೂರನೆಯ ವಾರ ಇಂಗ್ಲಿಷ್. ಹಿಂದಿನದು ಜಗಳವಿಲ್ಲದೆ ನಡೆಯತೊಡಗಿದ ಮೇಲೆಯೇ ಮುಂದಿನದು.

ಮನೆಕೆಲಸ ಮತ್ತು ಮನೆಯವರು

ಮಕ್ಕಳು ದಿನವಿಡೀ ಮನೆಯಲ್ಲಿದ್ದರೆ ಪಾತ್ರೆ ಹೆಚ್ಚು ಬೀಳುತ್ತವೆ, ಬಟ್ಟೆ ಹೆಚ್ಚು ಕೊಳೆಯಾಗುತ್ತದೆ, ತಾಯಿ ದಣಿಯುತ್ತಾಳೆ. ಮನೆಶಾಲೆ ಕೈಬಿಟ್ಟವರಲ್ಲಿ ನಾನು ಕಂಡವರು ಪಾಠ ಕಷ್ಟವಾಯಿತೆಂದು ಬಿಟ್ಟವರಲ್ಲ, ದಣಿದು ಬಿಟ್ಟವರು. ಆದ್ದರಿಂದ ಕೆಲಸ ಹಂಚುವುದು ವರ್ಷದ ಮೊದಲ ವಾರದಲ್ಲೇ ಆಗಬೇಕು. ನಮ್ಮಲ್ಲಿ ಮಗ ತಟ್ಟೆ-ಲೋಟ ಇಡುತ್ತಾನೆ, ಒಣಗಿದ ಬಟ್ಟೆ ಮಡಚುತ್ತಾನೆ. ಮಗಳು ಅನ್ನಕ್ಕೆ ಇಡುತ್ತಾಳೆ, ಗಿಡಕ್ಕೆ ನೀರು ಹಾಕುತ್ತಾಳೆ. ರಾತ್ರಿಯ ಪಾತ್ರೆ ಮನೆಯವರದು. ಗಂಡುಮಗುವಿನ ಕೈಗೆ ಪೊರಕೆ ಕೊಟ್ಟದ್ದಕ್ಕೆ ಮೊದಲು ಅತ್ತೆಯವರಿಗೆ ಬೇಸರವಾಗಿತ್ತು, ಅದನ್ನು ಮಾತಾಡಿಯೇ ಸರಿಪಡಿಸಿಕೊಂಡೆವು.

ಹಿರಿಯರನ್ನು ಒಪ್ಪಿಸುವುದು ವಾದದಿಂದ ಆಗುವುದಿಲ್ಲ. ‘ಮಕ್ಕಳ ಭವಿಷ್ಯ ಹಾಳು ಮಾಡುತ್ತೀರಿ’ ಎಂದು ಅತ್ತೆಯವರು ಮೊದಲ ಜೂನ್‌ನಲ್ಲಿ ಕಣ್ಣೀರು ಹಾಕಿದ್ದರು. ಕಾಗುಣಿತದ ಪಾಠ ಅವರ ಕೈಗೆ ಬಂದ ದಿನದಿಂದ ಆ ಮಾತು ನಿಂತಿತು.

ಮಕ್ಕಳಿಗೆ ಗೆಳೆಯರು ಬೇಕೇ ಬೇಕು, ಇದರಲ್ಲಿ ರಾಜಿ ಬೇಡ. ಸಂಜೆ ನಾಲ್ಕೂವರೆಗೆ ಬೀದಿಯ ಮಕ್ಕಳು ಶಾಲೆಯಿಂದ ಬಂದ ಮೇಲೆ ಆರರವರೆಗೆ ನಮ್ಮ ಮನೆಯಲ್ಲಿ ಯಾವ ಪಾಠವೂ ಇಲ್ಲ. ಶನಿವಾರ ಗ್ರಂಥಾಲಯ, ಅಲ್ಲಿಂದ ಕಾರಂಜಿ ಕೆರೆ. ಮನೆಯ ಇಬ್ಬರೂ ದಿನವಿಡೀ ಹೊರಗೆ ದುಡಿಯುವವರಾದರೆ, ಮಗು ಜನರ ನಡುವೆ ಅರಳುವ ಸ್ವಭಾವದ್ದಾದರೆ ಶಾಲೆಯೇ ಒಳ್ಳೆಯದು. ದೀಪದ ಹೊತ್ತಿನ ಓದನ್ನು ಮಾತ್ರ ಬಿಡಬೇಡಿ.

ದಾಖಲೆ ಮತ್ತು ಮುಂದಿನ ಪರೀಕ್ಷೆ

ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ ಸಾಕು. ದಿನಕ್ಕೆ ಎರಡು ಸಾಲು: ಏನು ಓದಿದೆವು, ಮಗು ಏನು ಕೇಳಿತು. ಹಿಂಬದಿಯಿಂದ ಪುಸ್ತಕಗಳ ಪಟ್ಟಿ. ಅರ್ಧಕ್ಕೆ ಬಿಟ್ಟ ಪುಸ್ತಕವನ್ನೂ ಬರೆಯಿರಿ, ಅದರ ಮುಂದೆ ‘ಹಿಡಿಸಲಿಲ್ಲ’ ಎಂದು ಮಗುವೇ ಬರೆಯಲಿ. ತಿಂಗಳಿಗೊಂದು ಲಕೋಟೆ ಮಾಡಿ, ಮಗು ಬರೆದ ನಾಲ್ಕು ಹಾಳೆ ಹಾಕಿ, ಮೇಲೆ ತಿಂಗಳ ಹೆಸರು ಬರೆದಿಡಿ. ವಿಚಾರಿಸಲು ಬಂದವರಿಗೂ, ಶಾಲೆಗೆ ಮರಳುವಾಗಲೂ ಇದೇ ಸಾಕ್ಷಿ.

‘ಹತ್ತನೆಯ ತರಗತಿ ಪರೀಕ್ಷೆಗೆ ಏನು ಮಾಡುತ್ತೀರಿ?’ ಎಂದು ಎಲ್ಲರೂ ಕೇಳುತ್ತಾರೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, 1989ರಲ್ಲಿ ಸ್ಥಾಪನೆಯಾದ ಎನ್‌ಐಒಎಸ್, ಈ ದಾರಿಗೆಂದೇ ಇದೆ. ಅದರ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳು ಮೂರು, ಐದು, ಎಂಟನೆಯ ತರಗತಿಗೆ ಸಮ. ಹತ್ತನೆಯ ತರಗತಿಗೆ ಸಮನಾದ ಸೆಕೆಂಡರಿಗೆ 14 ವರ್ಷ ತುಂಬಿರಬೇಕು. ಒಂದು ಭಾಷೆ ಸೇರಿ ಐದು ವಿಷಯದಲ್ಲಿ ತೇರ್ಗಡೆಯಾಗಬೇಕು, ಭಾಷೆಯಾಗಿ ಕನ್ನಡವೂ ಇದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಪರೀಕ್ಷೆ. ನೋಂದಣಿ ಐದು ವರ್ಷ ಊರ್ಜಿತ, ಒಂದೊಂದೇ ವಿಷಯವಾಗಿ ಬರೆದು ಮುಗಿಸಬಹುದು. ಮಗುವಿಗೆ ಹನ್ನೆರಡು ತುಂಬುವವರೆಗೆ ಇಷ್ಟು ತಿಳಿದಿದ್ದರೆ ಸಾಕು, ಆರು ವರ್ಷದ ಮಗುವಿನ ಮುಂದೆ ಹತ್ತನೆಯ ತರಗತಿಯ ಮಾತು ಎತ್ತಬೇಡಿ.

ದಸರೆಯ ಹೊತ್ತಿಗೆ

ಶ್ರಾವಣದಲ್ಲಿ ಒಂದು ಸಲ ಎಲ್ಲವೂ ಸಡಿಲವಾಗುತ್ತದೆ. ಹಬ್ಬದ ಕೆಲಸ, ಬಂದುಹೋಗುವ ನೆಂಟರು, ಬಿಡದ ಮಳೆ, ಮಕ್ಕಳಿಗೆ ಕೆಮ್ಮು. ಆಗ ಲೆಕ್ಕ ನಿಲ್ಲಲಿ, ಇಂಗ್ಲಿಷ್ ನಿಲ್ಲಲಿ. ದೀಪ ಹಚ್ಚಿದ ಮೇಲೆ ಎರಡೇ ಪುಟವಾದರೂ ಓದಿ. ನೆಂಟರಿದ್ದರೆ ಅವರನ್ನೂ ಚಾಪೆಯ ಮೇಲೆ ಕೂರಿಸಿಕೊಳ್ಳಿ. ಹಬ್ಬ ಕಳೆದ ಮೇಲೆ ಜೂನ್‌ನಲ್ಲಿ ಮಾಡಿದಂತೆಯೇ ಒಂದೊಂದಾಗಿ ಮತ್ತೆ ತನ್ನಿ. ಎರಡನೆಯ ಸಲಕ್ಕೆ ಅರ್ಧ ಸಮಯವೂ ಹಿಡಿಯುವುದಿಲ್ಲ.

ದಸರೆಯ ಸರಸ್ವತಿ ಪೂಜೆಗೆ ನಮ್ಮ ಮನೆಯಲ್ಲಿ ಪುಸ್ತಕಗಳನ್ನು ಗೊಂಬೆಗಳ ಮುಂದಿನ ಮಣೆಯ ಮೇಲಿಟ್ಟು ವಿಜಯದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ. ಹೋದ ವರ್ಷ ಹಿಂದಿನ ಸಂಜೆ ನಾನು ಪುಸ್ತಕಗಳನ್ನು ಜೋಡಿಸುತ್ತಿದ್ದೆ. ಮಗ ಒಂದನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತ. ಕಥೆ ಅರ್ಧದಲ್ಲಿತ್ತು, ಇನ್ನೂ ಎರಡು ಅಧ್ಯಾಯ. ಮೂರು ದಿನ ಹೇಗೆ ಕಾಯುವುದು ಎಂದು ಅವನ ಕಣ್ಣು ತುಂಬಿತ್ತು. ನಾನು ಅತ್ತೆಯವರ ಮುಖ ನೋಡಿದೆ. ಅವರು ಅರಿಶಿನ-ಕುಂಕುಮದ ಬಟ್ಟಲನ್ನು ಪಕ್ಕಕ್ಕಿಟ್ಟು, ಚಾಪೆ ಎಳೆದುಕೊಂಡು ಕುಳಿತರು. ‘ಮುಗಿಸಿಯೇ ಇಡೋಣ, ಓದು’ ಎಂದರು. ಅಂದು ಊಟಕ್ಕೆ ಒಂಬತ್ತೂವರೆ ಆಯಿತು. ಮಣೆಯ ಮೇಲೆ ಎಲ್ಲಕ್ಕಿಂತ ಕೊನೆಗೆ ಆ ಪುಸ್ತಕ ಇಟ್ಟವನು ಮಗನೇ.